ಚೌಕಟ್ಟಿನ ಅಂಗಡಿಯ ಕಾಗದಗಳು

ಮುಂಬಯಿ ಕನ್ನಡಿಗರ ಚರಿತ್ರೆ ಎಂದ ಕೂಡಲೇ ಊರಿನವರ ಕಣ್ಣಿಗೆ ಕಟ್ಟುವುದು ಉಡುಪಿ ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಮಂಡಳಿ, ಮಾಹೀಮಿನ ಕರ್ನಾಟಕ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್. ತಪ್ಪೇನಿಲ್ಲ, ಇವೆಲ್ಲ ನಮ್ಮ ಬೆವರಿನಿಂದಲೇ ಆದವು. ಇವುಗಳ ಚರಿತ್ರೆ ಬರೆಯುವುದೂ ತೀರಾ ಕಷ್ಟವಲ್ಲ. ಸಂಘಕ್ಕೆ ವರದಿ ಪುಸ್ತಕ ಇರುತ್ತದೆ, ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ಇರುತ್ತದೆ. ಆದರೆ ಸಂಘದ ಬಾಗಿಲಿನಾಚೆ, ಕನ್ನಡ ಗೊತ್ತಿಲ್ಲದವರ ನಡುವೆ ದುಡಿದು ಹೆಸರು ಮಾಡಿದ ನಮ್ಮವರ ಚರಿತ್ರೆ ಎಲ್ಲಿದೆ? ಅದು ಬೇರೆಯವರ ಕಪಾಟಿನಲ್ಲಿದೆ. ಚಿತ್ರಕಾರರ ಮಟ್ಟಿಗೆ ಹೇಳುವುದಾದರೆ, ಅವರ ಚಿತ್ರ ಮಾರಿಕೊಟ್ಟ ಗ್ಯಾಲರಿಯವನ ಕಾಗದಪತ್ರಗಳಲ್ಲಿದೆ.

ನಾನು ಹೇಳಹೊರಟದ್ದು ಕೇಕೂ ಗಾಂಧಿಯವರ ಸಂಗತಿ. ಮಹಾತ್ಮರಿಗೂ ಇವರಿಗೂ ಸಂಬಂಧವಿಲ್ಲ, ಇವರು ಮುಂಬಯಿಯ ಪಾರ್ಸಿ. 1920ರಲ್ಲಿ ಹುಟ್ಟಿದವರು. ಓದಲೆಂದು ಕೇಂಬ್ರಿಜ್‌ಗೆ ಹೋಗಿ, 1939ರಲ್ಲಿ ರಜೆಗೆ ಮನೆಗೆ ಬಂದರು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಮರಳಿ ಹೋಗುವುದು ತಪ್ಪಿತು. ಯುದ್ಧದಿಂದಾಗಿ ಮುಂಬಯಿಯಲ್ಲೇ ಉಳಿದುಹೋಗಿದ್ದ ಬೆಲ್ಜಿಯಂನ ವ್ಯಾಪಾರಿಯೊಬ್ಬರ ಜೊತೆಯಲ್ಲಿ 1941ರಲ್ಲಿ ಚಿತ್ರಕ್ಕೆ ಕಟ್ಟು ಹಾಕುವ ಪಟ್ಟಿಗಳನ್ನು ತಯಾರಿಸುವ ಉದ್ಯಮಕ್ಕೆ ಕೈ ಹಾಕಿದರು. 'ಕೆಮಿಕಲ್ ಮೋಲ್ಡಿಂಗ್' ಎನ್ನುವುದನ್ನೇ ಮೊಟಕು ಮಾಡಿ 'ಕೆಮೋಲ್ಡ್' ಎಂದು ಹೆಸರಿಟ್ಟರು. ಮುಂದೆ ದೇಶದ ಆಧುನಿಕ ಕಲೆಯ ಹೆಬ್ಬಾಗಿಲು ಎನ್ನಿಸಿಕೊಂಡ ಗ್ಯಾಲರಿಯ ಹೆಸರಿನ ಹಿಂದೆ ಇರುವುದು ಕಲೆಯಲ್ಲ, ಮರದ ಪಟ್ಟಿ ಮತ್ತು ರಾಸಾಯನಿಕ!

ಪ್ರಿನ್ಸೆಸ್ ಸ್ಟ್ರೀಟಿನಲ್ಲಿದ್ದ ಈ ಚೌಕಟ್ಟಿನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಖಾಲಿ ಕಟ್ಟುಗಳನ್ನು ನೇತುಹಾಕುವ ಬದಲು ಯಾರದಾದರೂ ಚಿತ್ರವನ್ನೇ ಕೂರಿಸಿ ಇಟ್ಟರೆ ಹೇಗೆ ಎಂಬ ಯೋಚನೆ ಬಂತು. ಹಾಗೆ ಕಿಟಕಿಗೆ ಬಂದ ಚಿತ್ರಗಳು ಆರಾ, ರಝಾ, ಹುಸೇನ್ ಮತ್ತು ನಮ್ಮ ಕೆ.ಕೆ. ಹೆಬ್ಬಾರರವು. ಆಗ ಯಾರಿಗೂ ದೊಡ್ಡ ಹೆಸರಿರಲಿಲ್ಲ. ಆರಾ ಸಿಕಂದರಾಬಾದಿನ ಕಡೆಯಿಂದ ಹುಡುಗನಾಗಿ ಓಡಿಬಂದು ಮನೆಗೆಲಸ, ಕಾರು ತೊಳೆಯುವ ಕೆಲಸ ಮಾಡಿಕೊಂಡಿದ್ದವರು. ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದವರು. ರಝಾ ಮಧ್ಯಪ್ರಾಂತ್ಯದ ಕಾಡಿನ ಸೀಮೆಯವರು. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಜನನ. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು, ಅಲ್ಲೇ ಕೆಲವು ವರ್ಷ ಮೇಷ್ಟರಾಗಿದ್ದರು. ಎಲ್ಲರೂ ಹೊರಗಿನಿಂದ ಬಂದವರೇ ನೋಡಿ. ಇವರಿಗೆ ಬೆನ್ನು ತಟ್ಟಿದ ಮೂವರಂತೂ ಇನ್ನೂ ದೂರದವರು: ವಿಯೆನ್ನಾ ಕಡೆಯ ಲಾಂಗ್‌ಹ್ಯಾಮರ್ ಮತ್ತು ಶ್ಲೆಸಿಂಗರ್, ಜರ್ಮನಿಯ ಫಾನ್ ಲೈಡನ್. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಬಂದ ಇವರಲ್ಲಿ ಒಬ್ಬರು ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕ, ಒಬ್ಬರು ಔಷಧ ಉದ್ಯಮಿ, ಮತ್ತೊಬ್ಬರು ಕಲಾ ವಿಮರ್ಶಕ. ಊರು ಬಿಟ್ಟವರೇ ಊರು ಬಿಟ್ಟವರ ಕೈ ಹಿಡಿದದ್ದು.

ಇಲ್ಲಿ ಒಂದು ಮಾತು ಗಮನಿಸಬೇಕು. ಆಧುನಿಕ ಭಾರತೀಯ ಕಲೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1947ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಕಲಾವಿದರ ಬಳಗದಿಂದ ಶುರು ಮಾಡುತ್ತಾರೆ. ಸೂಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಈ ಆರು ಜನ ಸದಸ್ಯರು. ಹೆಬ್ಬಾರರು ಅದರಲ್ಲಿ ಇರಲಿಲ್ಲ. ಹಾಗಾಗಿ ಎಷ್ಟೋ ಪುಸ್ತಕಗಳಲ್ಲಿ ಅವರದು ಅಂಚಿನ ಜಾಗ. ಆದರೆ ಅಂಗಡಿಯ ಕಿಟಕಿಗೆ ಬಳಗದ ಸದಸ್ಯತ್ವ ಬೇಕಿರಲಿಲ್ಲ. ಅಲ್ಲಿ ಹೆಬ್ಬಾರರ ಚಿತ್ರ ಆರಾ ಪಕ್ಕದಲ್ಲೇ ನಿಂತಿತ್ತು. ಚರಿತ್ರೆಯನ್ನು ಪ್ರಣಾಳಿಕೆಗಳಿಂದ ಬರೆದರೆ ಒಂದು ಚಿತ್ರ ಸಿಗುತ್ತದೆ, ವ್ಯಾಪಾರಿಯ ಕಾಗದದಿಂದ ಬರೆದರೆ ಇನ್ನೊಂದು. ಎರಡನೆಯದು ಸ್ವಲ್ಪ ಒರಟು, ಆದರೆ ಗುಂಪುಗಾರಿಕೆಯ ಹಂಗು ಅದಕ್ಕೆ ಕಡಿಮೆ.

ಹೆಬ್ಬಾರರ ಪಾತ್ರ ಇಷ್ಟಕ್ಕೇ ನಿಲ್ಲುವುದಿಲ್ಲ. ಮುಂಬಯಿಗೆ ಬಂದವರು ಯಾರೂ ನೋಡದೆ ಹೋಗದ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ತೆರೆಯಿತು. ಹಣ ಕೊಟ್ಟವರು ಸರ್ ಕಾವಸ್‌ಜೀ ಜಹಾಂಗೀರ್, ತೀರಿಹೋದ ಮಗನ ನೆನಪಿಗೆ. ಹೀಗೊಂದು ಗ್ಯಾಲರಿ ಬೇಕು ಎಂದು ಅವರನ್ನು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರಾದರೆ, ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಇನ್ನೊಬ್ಬರು. ಅದೇ ಕಟ್ಟಡದ ಮೊದಲ ಮಹಡಿಯಲ್ಲಿ 1963ರಲ್ಲಿ ಕೇಕೂ ಮತ್ತು ಅವರ ಪತ್ನಿ ಖೋರ್ಷೆದ್ 'ಗ್ಯಾಲರಿ ಕೆಮೋಲ್ಡ್' ತೆರೆದರು. ಒಬ್ಬ ಕರಾವಳಿ ಕನ್ನಡಿಗನ ಒತ್ತಾಯಕ್ಕೂ ಪಾಲಿದ್ದ ಮನೆಯ ಮಾಳಿಗೆಯಲ್ಲಿ ಪಾರ್ಸಿ ದಂಪತಿ ಅಂಗಡಿ ಇಟ್ಟರು ಅಂದ ಹಾಗಾಯಿತು.

ಅಂಥ ಅಂಗಡಿಯ ಕಾಗದ ಎಂದರೆ ಏನು? ಯಾವ ಗ್ಯಾಲರಿಯಾದರೂ ಸರಿ, ಅದರ ಕಪಾಟಿನಲ್ಲಿ ಸಿಗುವುದು ಇಷ್ಟು: ಪ್ರದರ್ಶನದ ಆಹ್ವಾನಪತ್ರ, ಬೆಲೆಪಟ್ಟಿ, ಮಾರಾಟದ ರಸೀದಿ, ಸಂದರ್ಶಕರ ಪುಸ್ತಕ, ಚಿತ್ರದ ಫೋಟೋ, ಪತ್ರಿಕೆಯ ಕತ್ತರಿಕೆ, ಚಿತ್ರಕಾರ ಮುಂಗಡ ಕೇಳಿ ಬರೆದ ಕಾಗದ, ಕೊಂಡವನು ಕಂತು ತಪ್ಪಿಸಿದಾಗ ಬರೆದ ನೆನಪೋಲೆ. ಒಂದೊಂದೇ ನೋಡಿದರೆ ಕಸ. ಒಟ್ಟಿಗೆ ಇಟ್ಟರೆ ಬೇರೆಲ್ಲೂ ಸಿಗದ ಸಂಗತಿ ಹೊರಡುತ್ತದೆ. ಯಾವ ಚಿತ್ರ ಯಾವ ವರ್ಷ ಎಷ್ಟಕ್ಕೆ ಹೋಯಿತು, ಯಾವುದು ಗೋಡೆಯಿಂದ ಇಳಿದು ವಾಪಸು ಮನೆಗೆ ಹೋಯಿತು, ಆ ತಿಂಗಳು ಬಾಡಿಗೆ ಯಾರು ಕೊಟ್ಟರು. ಅಭಿನಂದನ ಗ್ರಂಥದಲ್ಲಿ ಮಾರಾಟವಾಗದ ಚಿತ್ರಗಳ ಲೆಕ್ಕ ಇರುವುದಿಲ್ಲ, ಅಂಗಡಿಯ ಪಟ್ಟಿಯಲ್ಲಿ ಇರುತ್ತದೆ.

ಒಂದು ಉದಾಹರಣೆ. ಬರೋಡದ ಭೂಪೇನ್ ಖಖ್ಖರ್ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ 1965ರಲ್ಲಿ ಕೆಮೋಲ್ಡ್‌ನಲ್ಲೇ ನಡೆಯಿತು. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ಚಾರ್ಟರ್ಡ್ ಅಕೌಂಟೆಂಟ್ ಆತ. 1972ರ ಪ್ರದರ್ಶನಕ್ಕೆ ಒಂದು ಕ್ಯಾಟಲಾಗ್ ಅಚ್ಚು ಹಾಕಿಸಿದರು. ಅದರಲ್ಲಿ ತಾನೇ ಜೇಮ್ಸ್ ಬಾಂಡ್, ತಾನೇ ಮೈಕಟ್ಟಿನ ಪೈಲ್ವಾನ, ತಾನೇ ಟೂತ್‌ಪೇಸ್ಟ್ ಜಾಹೀರಾತಿನ ಮಾಡೆಲ್. ಕಲಾವಿದರ ಗತ್ತನ್ನು ಗೇಲಿ ಮಾಡುವ ತಮಾಷೆ ಅದು. ಆವತ್ತು ಪ್ರದರ್ಶನ ಮುಗಿದ ಮೇಲೆ ರದ್ದಿಗೆ ಹೋಗಬಹುದಾಗಿದ್ದ ಆ ತೆಳ್ಳನೆಯ ಪುಸ್ತಿಕೆಯನ್ನು ಬಿಟ್ಟು ಇವತ್ತು ಯಾರೂ ಖಖ್ಖರ್ ಬಗ್ಗೆ ಬರೆಯುವುದಿಲ್ಲ. ಹಾಗೆಯೇ 1970ರ ದಶಕದ ಮಧ್ಯಭಾಗದಲ್ಲಿ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮ್ಹಶೆಯವರ ಚಿತ್ರಗಳನ್ನು ಇದೇ ಗೋಡೆಗಳಲ್ಲಿ ಇಟ್ಟರು. ಗುಡಿಸಲ ಗೋಡೆಯ ಮೇಲಿನ ಬಿಳಿ ಗೆರೆ ನಗರದ ಗ್ಯಾಲರಿಗೆ ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಆಹ್ವಾನಪತ್ರ, ಬೆಲೆಪಟ್ಟಿಗಳೇ ದಿಕ್ಕು.

ಇನ್ನೊಂದು ಕಾರಣವೂ ಇದೆ, ಅದು ದುಡ್ಡಿನದು. 2002ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ತಯ್ಯಬ್ ಮೆಹ್ತಾ ಅವರ ಚಿತ್ರ 3 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. 2005ರಲ್ಲಿ ಅವರದೇ 'ಮಹಿಷಾಸುರ' 15 ಲಕ್ಷ ಡಾಲರ್ ದಾಟಿತು. ಬೆಲೆ ಏರಿದ ಮೇಲೆ ನಕಲಿಯೂ ಬರುವುದು ಸಹಜ. ಇದು ನಿಜವಾಗಿ ಆ ಕಲಾವಿದನದೇ, ಮೊದಲು ಯಾರ ಕೈಲಿತ್ತು ಎಂದು ಕೇಳಿದರೆ ಉತ್ತರಿಸಬಲ್ಲದ್ದು ಹಳೆಯ ರಸೀದಿ. ಬದುಕಿದ್ದಾಗ ಸಾವಿರ ರೂಪಾಯಿಗೆ ಪರದಾಡಿದ ಚಿತ್ರಕಾರನ ಸಹಿಯನ್ನು ಸತ್ತ ಮೇಲೆ ಕಾಯುವುದು ಒಂದು ಬಿಲ್ಲು ಪುಸ್ತಕ!

ನೆನಪು ಸಾಲದೇ, ಕಾಗದವೇ ಬೇಕೇ ಎಂದು ಕೇಳಬಹುದು. ಕೇಕೂ ನೆನಪಿನ ಗಣಿಯಾಗಿದ್ದರು. 2003ರಲ್ಲಿ, 83ರ ವಯಸ್ಸಿನಲ್ಲಿ, 'ಸೆಮಿನಾರ್' ಪತ್ರಿಕೆಗೆ ಮುಂಬಯಿ ಕಲಾ ಚಳವಳಿಯ ಮೊದಲ ದಿನಗಳನ್ನು ಬರೆದುಕೊಟ್ಟರು. ಆದರೆ ನೆನಪು ಚೂಪು ಅಂಚನ್ನೆಲ್ಲ ನಯ ಮಾಡಿಬಿಡುತ್ತದೆ. ಕೆಮೋಲ್ಡ್ ದೇಶದ ಮೊದಲ ವಾಣಿಜ್ಯ ಗ್ಯಾಲರಿ ಎಂದು ಎಷ್ಟೋ ಕಡೆ ಬರೆಯುತ್ತಾರೆ. ದಿಲ್ಲಿಯ ಧೂಮಿಮಲ್ 1936ರದು, ಕುಮಾರ್ ಗ್ಯಾಲರಿ 1955ರದು. ಮುಂಬಯಿಯಲ್ಲೇ ಪುಂಡೋಲೆ ಗ್ಯಾಲರಿ ಕೂಡ 1963ರಲ್ಲೇ ಶುರುವಾದದ್ದು, ಅದರ ಮೂಲವೂ ಚೌಕಟ್ಟಿನ ವ್ಯಾಪಾರವೇ. 'ಮೊದಲ' ಎಂಬ ಮಾತನ್ನು ಅಭಿಮಾನ ಹೇಳುತ್ತದೆ, ತಾರೀಖು ಹೇಳುವುದು ಕಾಗದ.

ಕಾಗದವೂ ಎಲ್ಲವನ್ನೂ ಹೇಳುವುದಿಲ್ಲ, ಬಿಡಿ. ಗ್ಯಾಲರಿಯ ಮೆಟ್ಟಿಲು ಹತ್ತಿದವರ ಹೆಸರು ಮಾತ್ರ ಅದರಲ್ಲಿರುತ್ತದೆ. ಹತ್ತಲು ಧೈರ್ಯ ಸಾಲದೆ ಫುಟ್‌ಪಾತಿನಿಂದಲೇ ವಾಪಸಾದವರ ಲೆಕ್ಕವಿಲ್ಲ. ಪಟ್ಟಿ ಕೊಯ್ದು ಮೊಳೆ ಹೊಡೆದ ಬಡಗಿಯ ಹೆಸರು ಕ್ಯಾಟಲಾಗಿನಲ್ಲಿ ಬರುವುದಿಲ್ಲ. ಹೆಂಗಸರ ದುಡಿಮೆ ಗಂಡಸರ ಹೆಸರಿನ ಹಿಂದೆ ಅಡಗಿರುತ್ತದೆ. ಕೆಮೋಲ್ಡ್‌ನ ದಿನದಿನದ ಕೆಲಸದಲ್ಲಿ ಖೋರ್ಷೆದ್ ಅವರದು ದೊಡ್ಡ ಪಾಲು, ಹೊರಗೆ ಹೆಚ್ಚು ಕೇಳಿದ್ದು ಮಾತ್ರ ಕೇಕೂ ಹೆಸರು. 1988ರಲ್ಲಿ ಮಗಳು ಶಿರೀನ್ ಗ್ಯಾಲರಿಯ ಹೊಣೆ ಹೊತ್ತರು. ಅದು 2007ರಲ್ಲಿ ಫೋರ್ಟಿನ ಪ್ರೆಸ್ಕಾಟ್ ರಸ್ತೆಗೆ ಹೋಯಿತು. ಕೇಕೂ 2012ರಲ್ಲಿ, ಖೋರ್ಷೆದ್ 2013ರಲ್ಲಿ ತೀರಿಕೊಂಡರು. 2022ರಲ್ಲಿ ಜೆರಿ ಪಿಂಟೊ ಬರೆದ ಪುಸ್ತಕ ಈ ಕುಟುಂಬದ ಮತ್ತು ಗ್ಯಾಲರಿಯ ಕಥೆಯನ್ನು ಒಟ್ಟಿಗೆ ಹೇಳಿತು. ಹೆಸರು 'ಸಿಟಿಜನ್ ಗ್ಯಾಲರಿ'. ಹೆಸರು ಸರಿಯಾಗಿಯೇ ಇದೆ. 1992–93ರ ಗಲಭೆಯ ನಂತರ ಮೊಹಲ್ಲಾ ಸಮಿತಿಗಳಲ್ಲಿ ಓಡಾಡಿದ ಮನುಷ್ಯ ಕೇಕೂ.

ಪರದೇಶದಲ್ಲಿ ಇಂಥ ಕಾಗದಗಳನ್ನು ಹೇಗೆ ನೋಡುತ್ತಾರೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಇಟಲಿಯ ಟ್ರಿಯೆಸ್ಟ್ ಕಡೆಯಿಂದ ಬಂದು 1957ರಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾಲರಿ ತೆರೆದ ಲಿಯೋ ಕ್ಯಾಸ್ಟೆಲ್ಲಿ ಎಂಬ ಇನ್ನೊಬ್ಬ ವಲಸೆಗಾರರಿದ್ದರು. 1999ರಲ್ಲಿ ಅವರು ತೀರಿಕೊಂಡ ಮೇಲೆ, ಗ್ಯಾಲರಿಯ ಕಾಗದಗಳನ್ನು ಮನೆಯವರು 2007ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಕಲಾ ದಾಖಲಾಲಯಕ್ಕೆ ಕೊಟ್ಟರು. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ 200 ಅಡಿಗೂ ಹೆಚ್ಚು ಉದ್ದ. ಪಟ್ಟಿ ಮಾಡಿ, ಓದುವವರಿಗೆ ತೆರೆದಿಟ್ಟಿದ್ದಾರೆ. ಅಂಗಡಿಯವನ ಚೀಟಿಯೂ ದೇಶದ ಆಸ್ತಿ ಎಂದು ಅವರಿಗೆ ಅನ್ನಿಸಿದೆ.

ನಮಗೆ? ಚಿತ್ರಗಳ ಮಟ್ಟಿಗೆ ನಾವು ತೀರಾ ಮರೆತವರೇನಲ್ಲ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಹೆಬ್ಬಾರರ ಚಿತ್ರಗಳ ಸಂಗ್ರಹ ಇದೆ. ಆ ಚಿತ್ರಶಾಲೆಗೆ ಹೆಸರು ಕೊಟ್ಟ ಕೆ. ವೆಂಕಟಪ್ಪನವರಂತೂ ದಿನಚರಿ ಬರೆದಿಟ್ಟು ಹೋದವರು, ಚರಿತ್ರಕಾರರಿಗೆ ಅದೊಂದು ಭಾಗ್ಯ. ಆದರೆ ಊರು ಬಿಟ್ಟು ಹೋದವನ ವಿಷಯದಲ್ಲಿ ಒಂದು ತೊಡಕು. ಅವನ ಚಿತ್ರ ಊರಿಗೆ ಬರಬಹುದು, ಸನ್ಮಾನಕ್ಕೆ ಅವನೂ ಬರಬಹುದು. ಅವನ ದುಡಿಮೆಯ ಪುರಾವೆ ಮಾತ್ರ ದುಡಿದ ಊರಿನಲ್ಲೇ ಉಳಿಯುತ್ತದೆ. ಹೆಬ್ಬಾರರು 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಆರು ದಶಕಗಳ ಅವರ ಬಾಳನ್ನು ಅರಿಯಬೇಕಾದ ಕನ್ನಡದ ಸಂಶೋಧಕ ಉಡುಪಿಗೆ ಹೋದರೆ ಬಾಲ್ಯ ಸಿಗುತ್ತದೆ, ಬೆಂಗಳೂರಿಗೆ ಹೋದರೆ ಚಿತ್ರ ಸಿಗುತ್ತದೆ, ಬದುಕು ಸಿಗಬೇಕಾದರೆ ಮುಂಬಯಿಯ ರೈಲು ಹತ್ತಬೇಕು. ಅಲ್ಲಿ ಪಾರ್ಸಿಯ ಕಪಾಟು, ಇಂಗ್ಲಿಷಿನ ಬೆಲೆಪಟ್ಟಿ, ಮರಾಠಿ ಪತ್ರಿಕೆಯ ಕತ್ತರಿಕೆ ಓದಬೇಕು.

ಇದು ಹೆಬ್ಬಾರರೊಬ್ಬರ ಮಾತಲ್ಲ. ಭದ್ರಾವತಿಯ ಶೀಲಾ ಗೌಡ ಅವರು 1990ರ ದಶಕದಲ್ಲಿ ತಮ್ಮ ಕೃತಿಗಳನ್ನು ತೋರಿಸಿದ ಜಾಗಗಳಲ್ಲಿ ಕೆಮೋಲ್ಡ್ ಒಂದು. ಬೆಂಗಳೂರಿನ ಪುಷ್ಪಮಾಲಾ ಅವರು ತಾವೇ ವೇಷ ಹಾಕಿ ಮುಂಬಯಿಯ ಬೀದಿಗಳಲ್ಲಿ ತೆಗೆಸಿದ 'ಫ್ಯಾಂಟಮ್ ಲೇಡಿ' ಛಾಯಾಚಿತ್ರ ಸರಣಿ 1998ರಲ್ಲಿ ಪ್ರದರ್ಶನಗೊಂಡದ್ದೂ ಅಲ್ಲೇ. ಇವರಿಬ್ಬರೂ ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದವರಲ್ಲ. ಆದರೂ ನಮ್ಮ ಕಲೆಯ ಚರಿತ್ರೆಯ ಕೆಲವು ಪುಟಗಳು ಆ ಕಪಾಟಿನಲ್ಲೇ ಇವೆ ಅಂತಾಯಿತು.

ಹಾಗಾಗಿ ಊರಿನವರಲ್ಲಿ ಒಂದು ಕೋರಿಕೆ. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಹೊರನಾಡ ಕನ್ನಡಿಗರ ಚರಿತ್ರೆಗೆ ಹಣ ಎತ್ತಿಡುವಾಗ ಸಮ್ಮೇಳನ, ಸನ್ಮಾನಗಳ ಜೊತೆಗೆ ಒಂದು ನಕಲು ಯಂತ್ರಕ್ಕೂ, ಅದನ್ನು ಹಿಡಿದು ಅಂಗಡಿ ಅಂಗಡಿ ಸುತ್ತುವ ಒಬ್ಬ ಹುಡುಗನಿಗೋ ಹುಡುಗಿಗೋ ಕೂಡ ದುಡ್ಡಿಡಲಿ. ಗ್ಯಾಲರಿಯವರ ಕಾಗದ ಗ್ಯಾಲರಿಯವರಲ್ಲೇ ಇರಲಿ, ಪ್ರತಿ ನಮಗೆ ಸಾಕು. ಮುಂಬಯಿಯ ಹಳೆಯ ಚಾಳುಗಳು ಒಂದೊಂದಾಗಿ ಉರುಳಿ ಗಗನಚುಂಬಿಗಳು ಏಳುತ್ತಿವೆ. ಮನೆ ಖಾಲಿ ಮಾಡುವಾಗ ಮೊದಲು ಹೊರಗೆ ಬೀಳುವುದು ಅಟ್ಟದ ಮೇಲಿನ ಕಾಗದದ ಗಂಟು. ಹೋಟೆಲಿನವನ ಉದ್ರಿ ಪುಸ್ತಕ, ಮುದ್ರಣಾಲಯದ ಬಿಲ್ಲು, ನಾಟಕದವನ ಟಿಕೇಟಿನ ಅರ್ಧ ಚೀಟಿ ಎಲ್ಲ ಅದರಲ್ಲೇ ಇರುತ್ತವೆ. ರದ್ದಿಯವನು ಅದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ಅವನಿಗಿಂತ ಒಂದು ದಿನ ಮುಂಚೆ ನಾವು ಹೋದರೆ ಸಾಕು.