ಮೊದಲು ಮುರಿಯಬೇಕಾದುದು

ಹಡಗಿನ ಚರಿತ್ರೆಯನ್ನು ಬರೆದವರು ಹಾಯಿ, ಉಗಿಯಂತ್ರ, ಕಬ್ಬಿಣದ ಒಡಲು ಇವುಗಳ ವಿಷಯವಾಗಿ ವಿಸ್ತಾರವಾಗಿ ಹೇಳುತ್ತಾರೆ. ನೀರಿನೊಳಗೆ, ಯಾರ ಕಣ್ಣಿಗೂ ಬೀಳದೆ, ಹಡಗನ್ನು ಹಿಂದಿನಿಂದ ನೂಕುವ ಪ್ರೊಪೆಲರಿಗೆ ಒಂದೆರಡು ಪುಟ ದೊರೆತರೆ ಹೆಚ್ಚು. ಅದನ್ನು ಯಾವ ಲೋಹದಿಂದ ಮಾಡಿದರು, ಏಕೆ ಮಾಡಿದರು ಎಂಬುದಂತೂ ಅಡಿಟಿಪ್ಪಣಿಯ ಪಾಲು. ನನಗೆ ಆ ಅಡಿಟಿಪ್ಪಣಿಯೇ ಹೆಚ್ಚು ರುಚಿಸುತ್ತದೆ. ಗಟ್ಟಿಯಾದ ಲೋಹವೇ ಒಳ್ಳೆಯ ಲೋಹವೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಪ್ರೊಪೆಲರಿನ ಚರಿತ್ರೆ ಆ ನಂಬಿಕೆಯನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ.

ಮೊದಲ ಪಾಠ ಕಲಿತವನು ಲಂಡನ್ನಿನ ಸಮೀಪದ ಹೆಂಡನ್ನಿನಲ್ಲಿದ್ದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ. ಆತ 1836ರಲ್ಲಿ ತಿರುಪಿನಾಕಾರದ ಪ್ರೊಪೆಲರಿಗೆ ಪೇಟೆಂಟ್ ಪಡೆದ. ಎರಡು ಪೂರ್ಣ ಸುತ್ತುಗಳುಳ್ಳ ಮರದ ತಿರುಪೊಂದನ್ನು ಸಣ್ಣ ದೋಣಿಗೆ ಜೋಡಿಸಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷಿಸುತ್ತಿದ್ದಾಗ, 1837ರಲ್ಲಿ, ಅದು ನೀರಿನೊಳಗೆ ಏನನ್ನೋ ತಾಗಿ ಅರ್ಧ ಮುರಿದುಹೋಯಿತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ವೇಗವಾಗಿ ಓಡಿತು! ಉದ್ದನೆಯ ತಿರುಪು ತನ್ನ ಶಕ್ತಿಯ ಬಹುಭಾಗವನ್ನು ನೀರಿನ ಘರ್ಷಣೆಯಲ್ಲಿಯೇ ಕಳೆಯುತ್ತಿತ್ತು. ಅದು ಗಟ್ಟಿ ಕಬ್ಬಿಣದ್ದಾಗಿದ್ದರೆ ಈ ಸಂಗತಿ ಸ್ಮಿತ್ತನಿಗೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲವೆಂದು ನಾನು ಭಾವಿಸುತ್ತೇನೆ.

ಸಮುದ್ರದಲ್ಲಿ ಮುರಿದರೆ ಇಂಥ ಲಾಭವಿಲ್ಲ. ಬ್ರೂನೆಲ್ ಕಟ್ಟಿದ ‘ಗ್ರೇಟ್ ಬ್ರಿಟನ್’ ಹಡಗಿಗೆ ಆರು ರೆಕ್ಕೆಗಳ ಕಬ್ಬಿಣದ ಪ್ರೊಪೆಲರಿತ್ತು. 1845ರಲ್ಲಿ, ಎರಡನೆಯ ಅಟ್ಲಾಂಟಿಕ್ ಯಾನದಲ್ಲಿ, ರೆಕ್ಕೆಗಳು ಕಳಚಿಬಿದ್ದವು. ನ್ಯೂಯಾರ್ಕಿನಲ್ಲಿ ದುರಸ್ತಿಯಾಯಿತು, ಮರಳುವಾಗ ಮತ್ತೆ ಅದೇ ಕಥೆ. ಉಗಿಯುಗದ ಹೆಮ್ಮೆಯೆನಿಸಿದ್ದ ಆ ಹಡಗು ಹಾಯಿಗಳನ್ನು ನಂಬಿ ಲಿವರ್‌ಪೂಲನ್ನು ಸೇರಬೇಕಾಯಿತು. ಅನಂತರ ಅದಕ್ಕೆ ನಾಲ್ಕು ರೆಕ್ಕೆಗಳ ಎರಕದ ಪ್ರೊಪೆಲರನ್ನು ಹಾಕಿದರು.

ಎರಕದ ಕಬ್ಬಿಣ ಅಗ್ಗವಾದರೂ ಪೆಟ್ಟು ಬಿದ್ದಾಗ ಬಾಗದೆ ಒಡೆಯುತ್ತದೆ. 1876ರಲ್ಲಿ ಪರ್ಸಿವಲ್ ಪಾರ್ಸನ್ಸ್ ಎಂಬಾತ ಪೇಟೆಂಟ್ ಪಡೆದ ‘ಮ್ಯಾಂಗನೀಸ್ ಕಂಚು’ ಈ ಕೊರತೆಯನ್ನು ನೀಗಿಸಿತು. ಹೆಸರು ಕಂಚಾದರೂ ಅದರ ಕುಲ ಹಿತ್ತಾಳೆಯದು: ನೂರಕ್ಕೆ ಸುಮಾರು 58 ಪಾಲು ತಾಮ್ರ, ಉಳಿದುದು ಬಹುಮಟ್ಟಿಗೆ ಸತು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ ಎಂಬುದು ನಮ್ಮ ಯಾವ ಕಂಚುಗಾರನಿಗೂ ಗೊತ್ತು. ಇಂಗ್ಲೆಂಡಿನ ಮಾರುಕಟ್ಟೆಗೆ ಕಂಚೆಂಬ ಹೆಸರಿನ ಘನತೆ ಬೇಕಾಗಿತ್ತೆಂದು ತೋರುತ್ತದೆ. ಉಪ್ಪುನೀರು ಮಾತ್ರ ಹೆಸರಿಗೆ ಮರುಳಾಗಲಿಲ್ಲ. ಅದು ಲೋಹದೊಳಗಿನ ಸತುವನ್ನು ಕಳಚಿ ಒಯ್ಯುತ್ತದೆ. ಉಳಿಯುವುದು ಕೆಂಪು ಬಣ್ಣದ, ಜೊಳ್ಳಾದ ತಾಮ್ರ.

ಇದಕ್ಕಿಂತ ವಿಚಿತ್ರವಾದ ಶತ್ರುವೊಂದು ಕಾದಿತ್ತು. ಉಗಿ ಟರ್ಬೈನಿನ ನಿರ್ಮಾತೃ ಚಾರ್ಲ್ಸ್ ಪಾರ್ಸನ್ಸ್ (ಮೇಲಿನವನಲ್ಲ) 1894ರಲ್ಲಿ ‘ಟರ್ಬಿನಿಯಾ’ ಎಂಬ ಹಡಗನ್ನು ನೀರಿಗಿಳಿಸಿದ. ಯಂತ್ರ ಭರದಿಂದ ತಿರುಗಿದರೂ ವೇಗ ಗಂಟೆಗೆ 20 ನಾವಿಕ ಮೈಲಿಯನ್ನು ಮುಟ್ಟಲಿಲ್ಲ. ಅತಿವೇಗದಿಂದ ತಿರುಗುವ ರೆಕ್ಕೆಯ ಹಿಂಬದಿಯಲ್ಲಿ ಒತ್ತಡ ಕುಸಿದು, ತಣ್ಣೀರೇ ಕುದಿದಂತೆ ಆವಿಯ ಗುಳ್ಳೆಗಳೇಳುತ್ತವೆ. ಪ್ರೊಪೆಲರಿನ ಹಿಡಿತ ತಪ್ಪುತ್ತದೆ. ಪಾರ್ಸನ್ಸ್ ಸಣ್ಣ ತೊಟ್ಟಿಯಲ್ಲಿ ಮಾದರಿಯೊಂದನ್ನು ತಿರುಗಿಸಿ ಈ ಗುಳ್ಳೆಗಳನ್ನು ಕಣ್ಣಾರೆ ಕಂಡ. ಬಳಿಕ ಮೂರು ದಂಡಗಳಿಗೆ ಒಟ್ಟು ಒಂಬತ್ತು ಪ್ರೊಪೆಲರುಗಳನ್ನು ಹಂಚಿದ. 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬಿನಿಯಾ ಸುಮಾರು 34 ನಾವಿಕ ಮೈಲಿ ವೇಗದಿಂದ ಹಡಗುಗಳ ಸಾಲಿನ ನಡುವೆ ನುಗ್ಗಿತು.

ಗುಳ್ಳೆಗಳು ವೇಗವನ್ನಷ್ಟೇ ಕಸಿಯಲಿಲ್ಲ, ಲೋಹವನ್ನೂ ತಿಂದವು. ವೇಗದ ಹಡಗುಗಳ ಪ್ರೊಪೆಲರುಗಳಲ್ಲಿ ಹುಳು ಕೊರೆದಂಥ ಗುಳಿಗಳು ಕಂಡವು. ರಾಸಾಯನಿಕ ಸವೆತವೇ ಕಾರಣವೆಂಬ ಶಂಕೆ ಸಹಜವಾಗಿತ್ತು. ಗುಳ್ಳೆಯೊಂದು ಕುಸಿಯುವಾಗ ಹುಟ್ಟುವ ಪ್ರಚಂಡ ಒತ್ತಡವನ್ನು 1917ರಲ್ಲಿ ಲಾರ್ಡ್ ರೇಲಿ ಗಣಿತದಿಂದ ತೋರಿಸಿಕೊಟ್ಟ. ಪಾರ್ಸನ್ಸ್ ಮತ್ತು ಕುಕ್ 1919ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ನೀರು ಕಂಚನ್ನು ಸುತ್ತಿಗೆಯಂತೆ ಬಡಿಯುತ್ತಿತ್ತು! ಈ ಪೆಟ್ಟನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುವ ನಿಕ್ಕಲ್–ಅಲ್ಯೂಮಿನಿಯಂ ಕಂಚು 1950ರ ದಶಕದಿಂದ ದೊಡ್ಡ ಹಡಗುಗಳಲ್ಲಿ ಬಳಕೆಗೆ ಬಂತು.

ಸಣ್ಣ ದೋಣಿಗಳ ಮಾತೇ ಬೇರೆ. 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಸ್ವೀಡನ್ನಿನ ವೋಲ್ವೋ ಪೆಂಟಾ ಸಂಸ್ಥೆ, ಅಮೆರಿಕದ ಜಿಮ್ ವಿನ್ನನ ಕಲ್ಪನೆಯನ್ನು ಆಧರಿಸಿ, ‘ಆಕ್ವಾಮ್ಯಾಟಿಕ್’ ಎಂಬ ಸ್ಟರ್ನ್‌ಡ್ರೈವನ್ನು ಮುಂದಿಟ್ಟಿತು. ಎಂಜಿನ್ ದೋಣಿಯ ಒಳಗೆ, ಹಲ್ಲುಚಕ್ರಗಳನ್ನು ಹೊತ್ತ ಕಾಲು ಹಿಂಬದಿಯ ಹೊರಗೆ, ಕಾಲಿನ ತುದಿಯಲ್ಲಿ ಪ್ರೊಪೆಲರ್. ದೋಣಿ ಬಂಡೆಗೆ ಬಡಿದರೆ ಏಟು ಬೀಳುವುದು ಈ ಕಾಲಿಗೇ. ಇಲ್ಲಿ ತುಕ್ಕುಹಿಡಿಯದ ಉಕ್ಕಿನ ಪ್ರೊಪೆಲರ್ ತೆಳ್ಳಗಿದ್ದು ವೇಗ ಕೊಡುತ್ತದೆ, ಸುಲಭವಾಗಿ ಬಾಗುವುದೂ ಇಲ್ಲ. ಬಾಗದ ಕಾರಣ ಪೆಟ್ಟಿನ ಹೆಚ್ಚು ಪಾಲು ದಂಡಕ್ಕೂ ಹಲ್ಲುಚಕ್ರಗಳಿಗೂ ಸಾಗುತ್ತದೆ. ಅಲ್ಯೂಮಿನಿಯಂ ಪ್ರೊಪೆಲರ್ ತಾನು ಬಾಗಿ, ತುಂಡಾಗಿ, ಒಳಗಿನದನ್ನು ಕಾಯುತ್ತದೆ. ಅನೇಕ ಪ್ರೊಪೆಲರುಗಳ ಗುಂಭದಲ್ಲಿರುವ ರಬ್ಬರಿನ ಬುಷ್ ಜಾರಿಕೊಡುವುದೂ ಇದೇ ಉದ್ದೇಶಕ್ಕೆ. ಕಲ್ಲುಗಳಿರುವ ಆಳವಿಲ್ಲದ ನೀರಿನಲ್ಲಿ ಓಡಾಡುವವರಿಗೆ ಅಲ್ಯೂಮಿನಿಯಮ್ಮೇ ಲೇಸೆಂದು ನನ್ನ ಮತ.

ದುರಸ್ತಿಗೆ ಕುಳಿತವನು ಮುರಿದ ರೆಕ್ಕೆಯನ್ನಷ್ಟೇ ನೋಡಿದರೆ ಸಾಲದು. ದಂಡವನ್ನು ಕೈಯಿಂದ ತಿರುಗಿಸಿ ಓಲಾಡುತ್ತದೆಯೇ ಎಂದು ಅಳೆಯಬೇಕು. ಹಲ್ಲುಚಕ್ರದ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಎಲ್ಲಿಯೋ ಬಿರುಕಿನಿಂದಲೋ ಕೆಟ್ಟ ಸೀಲಿನಿಂದಲೋ ನೀರು ಹೊಕ್ಕಿದೆ. ಕಾಲು ಅಲ್ಯೂಮಿನಿಯಂನದು, ಅದರ ತುದಿಯಲ್ಲಿ ಕಂಚೋ ಉಕ್ಕೋ ಇದ್ದರೆ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಾಗುತ್ತವೆ, ಕರಗುವುದು ಅಲ್ಯೂಮಿನಿಯಂ. ಅದಕ್ಕಾಗಿ ಅದರ ಮೇಲೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ಈ ಉಪಾಯ ಹಂಫ್ರಿ ಡೇವಿಯದು. ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಉಳಿಸಲು ಆತ 1824ರಲ್ಲಿ ಸತು, ಕಬ್ಬಿಣಗಳನ್ನು ಅಂಟಿಸಿ ನೋಡಿದ. ತಾಮ್ರ ಉಳಿಯಿತು, ಆದರೆ ಕರಗುವ ತಾಮ್ರದ ವಿಷವಿಲ್ಲದೆ ಹೊದಿಕೆಯ ತುಂಬ ಚಿಪ್ಪುಜೀವಿಗಳೂ ಪಾಚಿಯೂ ಬೆಳೆದು ಹಡಗುಗಳ ವೇಗ ಕುಗ್ಗಿತು. ಅಂದು ನೌಕಾದಳ ಡೇವಿಯ ಸಲಹೆಯನ್ನು ಕೈಬಿಟ್ಟಿತು. ಇಂದಿನ ದೋಣಿಗಳಲ್ಲಿ ಸತುವಿನ ತುಂಡು ಅರ್ಧ ಕರಗಿದೊಡನೆ ಹೊಸದನ್ನು ಹಾಕುತ್ತಾರೆ. ಅಂದ ಕೆಡುತ್ತದೆಂದು ಅದಕ್ಕೂ ಬಣ್ಣ ಬಳಿದುಬಿಟ್ಟರೆ ಅದು ಕರಗದೆ ಹಾಗೆಯೇ ಉಳಿಯುತ್ತದೆ, ಕಾಲು ಕರಗುತ್ತದೆ.