ಸಮವಸ್ತ್ರ ಕಳಚಿದ ಮೇಲೆ: ಚೀನಾದ ಮಾಜಿ ಸೈನಿಕರನ್ನು ಕುರಿತ ಅಧ್ಯಯನಗಳು

ಚೀನಾದ ಮಾಜಿ ಸೈನಿಕರು ಬೀದಿಗಿಳಿದರೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಟಿ.ವಿ. ಚರ್ಚೆಗಳಲ್ಲಿ ಒಂದೇ ರಾಗ: ಬೀಜಿಂಗಿನ ಬುಡ ಅಲ್ಲಾಡುತ್ತಿದೆ, ಸೈನ್ಯವೇ ಪಕ್ಷದ ವಿರುದ್ಧ ತಿರುಗಲಿದೆ. 1962ರ ನೆನಪು, ಗಾಲ್ವಾನಿನ ಗಾಯ ಆರದ ದೇಶದಲ್ಲಿ ಇಂಥ ಆಸೆ ಸಹಜ. ಆದರೆ ಈ ಕ್ಷೇತ್ರದಲ್ಲಿ ಬಹುಕಾಲ ದುಡಿದವರಿಗೆ ಇದು ತಪ್ಪು ಓದೆಂಬುದು ಗೊತ್ತು. ಆ ಮಾಜಿ ಸೈನಿಕರು ಪಕ್ಷದ ಪತನ ಬಯಸಿ ಬಂದವರಲ್ಲ. ಪಕ್ಷ ಕೊಟ್ಟ ಮಾತನ್ನು ನಡೆಸಿಕೊಡಿ ಎಂದು ಕೇಳಲು ಬಂದವರು.

1960ರ ದಶಕದಲ್ಲಿ ಜಾನ್ ಗಿಟಿಂಗ್ಸ್, ಎಲಿಸ್ ಜೋಫೆ ಮೊದಲಾದವರು ಚೀನಾ ಸೇನೆಯ ಬಗ್ಗೆ ಬರೆದರು. ಪಕ್ಷಕ್ಕೂ ಸೇನೆಗೂ ಇರುವ ಸಂಬಂಧ ಅವರ ಮುಖ್ಯ ಆಸಕ್ತಿಯಾಗಿತ್ತು. ಸೇನೆ ಬಿಟ್ಟು ಊರಿಗೆ ಮರಳಿದವನ ಪಾಡು ಅವರ ಪುಟಗಳಲ್ಲಿ ಅಂಚಿನಲ್ಲೇ ಉಳಿಯಿತು. 1980ರಲ್ಲಿ ಗಾರ್ಡನ್ ವೈಟ್ 'ಚೈನಾ ಕ್ವಾರ್ಟರ್ಲಿ'ಯಲ್ಲಿ ಬರೆದ ಲೇಖನದಿಂದ ಈ ಮನುಷ್ಯ ಅಧ್ಯಯನದ ವಸ್ತುವಾದ. ಆಮೇಲೂ ಅನೇಕ ವರ್ಷ ಹೆಚ್ಚಿನವರ ಗಮನ ಕ್ಷಿಪಣಿಗಳ ಲೆಕ್ಕದಲ್ಲೇ ಇತ್ತು.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು ನೀಲ್ ಡೈಮಂಟ್ 2009ರಲ್ಲಿ ಪ್ರಕಟಿಸಿದ 'ಎಂಬ್ಯಾಟಲ್ಡ್ ಗ್ಲೋರಿ'. ಅವರು ಭಾಷಣಗಳನ್ನು ಬದಿಗಿಟ್ಟು ಸ್ಥಳೀಯ ದಫ್ತರಗಳ ಕಡತಗಳನ್ನು ಬಿಚ್ಚಿದರು: ಮಾಜಿ ಸೈನಿಕರ ಅರ್ಜಿಗಳು, ದೂರುಗಳು, ಅಧಿಕಾರಿಗಳ ತನಿಖಾ ವರದಿಗಳು. ಪತ್ರಿಕೆಗಳಲ್ಲಿ ಸೈನಿಕ ಪೂಜ್ಯನಾಗಿದ್ದ 1950ರ ದಶಕದಲ್ಲೇ ಕಾರ್ಖಾನೆಗಳು ಅವನನ್ನು ಓದು ಬಾರದ ಹಳ್ಳಿಗನೆಂದು ಬಾಗಿಲಲ್ಲೇ ತಡೆಯುತ್ತಿದ್ದವು. ಗಾಯಾಳುಗಳು ಚಿಕಿತ್ಸೆಯ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ದಂಡಿನಲ್ಲಿರುವವನ ಹೆಂಡತಿಯ ಮೇಲೆ ಹಳ್ಳಿಯ ಪಕ್ಷದ ಮುಖಂಡನೇ ಕಣ್ಣು ಹಾಕಿದ ಪ್ರಕರಣಗಳಿವೆ. ಆತ್ಮಹತ್ಯೆಗಳೂ ಇವೆ. ದೇಶಭಕ್ತಿಯ ಘೋಷಣೆಗೂ ಗುಮಾಸ್ತನ ಮೇಜಿಗೂ ನಡುವಿನ ದೂರವನ್ನು ಇಷ್ಟು ಹತ್ತಿರದಿಂದ ತೋರಿಸಿದ ಪುಸ್ತಕ ಇನ್ನೊಂದಿಲ್ಲ. ಡೈಮಂಟ್ ಎತ್ತಿದ ಒಂದು ಕಾರಣ ಇಂದಿಗೂ ಗಟ್ಟಿಯಾಗಿ ನಿಂತಿದೆ: ಬೇರೆ ದೇಶಗಳಲ್ಲಿ ಮಾಜಿ ಸೈನಿಕರಿಗೆ ಸ್ವಂತ ಸಂಘಗಳಿದ್ದವು, ಚೀನಾದಲ್ಲಿ ಇರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅವರು ಕಟ್ಟಿಕೊಂಡ ಸಂಘಗಳನ್ನೂ 1967ರಲ್ಲಿ ಮುಚ್ಚಿಸಲಾಯಿತು.

ಇದೇ ಹೊತ್ತಿಗೆ ಕೆವಿನ್ ಓಬ್ರಿಯನ್ ಮತ್ತು ಲಿಯಾನ್‌ಜಿಯಾಂಗ್ ಲಿ ಚೀನಾದ ರೈತರ ಪ್ರತಿಭಟನೆಗಳನ್ನು ಅರಿಯಲು ಹೊಸ ದಾರಿ ಹಾಕಿಕೊಟ್ಟಿದ್ದರು (2006): ಸರ್ಕಾರದ್ದೇ ಕಾನೂನನ್ನು, ಸರ್ಕಾರದ್ದೇ ಮಾತನ್ನು ಕೈಯಲ್ಲಿ ಹಿಡಿದು ಸ್ಥಳೀಯ ಅಧಿಕಾರಿಯನ್ನು ಪ್ರಶ್ನಿಸುವ ಹೋರಾಟ. ಓಬ್ರಿಯನ್ ಮತ್ತು ಡೈಮಂಟ್ 2015ರಲ್ಲಿ ನಿವೃತ್ತ ಸೇನಾ ಅಧಿಕಾರಿಗಳ ಬಗ್ಗೆ ಜೊತೆಯಾಗಿ ಬರೆದ ಮೇಲೆ ಎರಡೂ ದಾರಿಗಳು ಕೂಡಿದವು. ಈ ಕ್ಷೇತ್ರದ ಅತ್ಯುತ್ತಮ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಆ ಅಧಿಕಾರಿಗಳ ಕಥೆ ತಿಳಿಯದೆ ಮುಂದಿನದು ಅರ್ಥವಾಗದು. ಹುಕೌ ಎಂಬ ನಿವಾಸ ನೋಂದಣಿಯ ಪ್ರಕಾರ ಹಳ್ಳಿಯಿಂದ ಬಂದ ಸಿಪಾಯಿ ಹಳ್ಳಿಗೇ ಮರಳಬೇಕಿತ್ತು. ಪಟ್ಟಣದಿಂದ ಬಂದ ಸಿಪಾಯಿಗಳಿಗೆ, ಸೇನಾ ಅಧಿಕಾರಿಗಳಿಗೆ ಸರ್ಕಾರವೇ ನೌಕರಿ ಹುಡುಕಿಕೊಡುತ್ತಿತ್ತು. 1985ರಲ್ಲಿ ಡೆಂಗ್ ಶಿಯಾವೊಪಿಂಗ್ ಸೇನೆಯನ್ನು 10 ಲಕ್ಷದಷ್ಟು ಕಡಿತಗೊಳಿಸುವುದಾಗಿ ಸಾರಿದರು. ಹೊರಬಂದ ಅಧಿಕಾರಿಗಳಲ್ಲಿ ಅನೇಕರು ಸರ್ಕಾರಿ ಕಾರ್ಖಾನೆಗಳಿಗೆ ಸೇರಿದರು. 1990ರ ದಶಕದ ಸುಧಾರಣೆಯಲ್ಲಿ ಅಂಥ ಕಾರ್ಖಾನೆಗಳೇ ಬಾಗಿಲು ಹಾಕಿದಾಗ ನೌಕರಿಯ ಜೊತೆಗೆ ಪಿಂಚಣಿಯ ಭರವಸೆಯೂ, ಆಸ್ಪತ್ರೆಯ ಸೌಲಭ್ಯವೂ ಹೋದವು. ಸರ್ಕಾರಿ ಕಚೇರಿಗೆ ಹೋಗಿದ್ದ ಅದೇ ದರ್ಜೆಯ ಗೆಳೆಯ ಮಾತ್ರ ನೆಮ್ಮದಿಯಾಗಿದ್ದ. ಅವರ ಸಿಟ್ಟಿನ ಮೂಲ ಇಲ್ಲಿದೆ.

2016ರ ಅಕ್ಟೋಬರ್‌ನಲ್ಲಿ ಬೀಜಿಂಗಿನ ರಕ್ಷಣಾ ಸಚಿವಾಲಯದ 'ಬಾ-ಯಿ' ಕಟ್ಟಡದ ಮುಂದೆ ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ನೆರೆದರು. ಹಸಿರು ಸಮವಸ್ತ್ರ ತೊಟ್ಟು, ಬಾವುಟ ಹಿಡಿದು, ಸೇನೆಯ ಹಾಡುಗಳನ್ನೇ ಹಾಡಿದರು. 2018ರ ಜೂನ್‌ನಲ್ಲಿ ಜಿಯಾಂಗ್ಸು ಪ್ರಾಂತ್ಯದ ಝೆನ್‌ಜಿಯಾಂಗ್‌ನಲ್ಲಿ, ಅಕ್ಟೋಬರ್‌ನಲ್ಲಿ ಶಾಂಡಾಂಗ್‌ನ ಪಿಂಗ್ಡುವಿನಲ್ಲಿ ಮತ್ತೆ ಸೇರಿದವರನ್ನು ಪೊಲೀಸರು ಚದುರಿಸಿದರು. ಅದೇ ವರ್ಷದ ವಸಂತದಲ್ಲಷ್ಟೇ ಮಾಜಿ ಸೈನಿಕರ ಸಚಿವಾಲಯ ಹುಟ್ಟಿತ್ತು. ಅಂದಿನ ಅಧಿಕೃತ ಲೆಕ್ಕದಲ್ಲಿ ಮಾಜಿ ಸೈನಿಕರ ಸಂಖ್ಯೆ 5 ಕೋಟಿ 70 ಲಕ್ಷ ಇತ್ತು. ಅವರ ಮನೆಗಳಿಗೆ 'ಗೌರವದ ಮನೆ' ಎಂಬ ಫಲಕ ಬಂತು. 2021ರ ಜನವರಿ 1ರಿಂದ ಮಾಜಿ ಸೈನಿಕರ ರಕ್ಷಣಾ ಕಾನೂನು ಜಾರಿಗೆ ಬಂತು.

ಆದರೆ ಅಧ್ಯಯನ ಈಗ ಬಡವಾಗಿದೆ. ಡೈಮಂಟ್ ಕೂತು ಓದಿದಂಥ ಕಡತಗಳು ಕಳೆದ ದಶಕದಿಂದ ಸಂಶೋಧಕರ ಕೈಗೆ ಸಿಗುವುದು ಕಷ್ಟವಾಗಿದೆ. ಅಂತರ್ಜಾಲದ ಅರ್ಜಿಗಳು ಅಳಿಸಿಹೋಗುತ್ತಿವೆ. ನಿವೃತ್ತ ಅಧಿಕಾರಿಗಳ ಬಗ್ಗೆ ಒಂದಿಷ್ಟಾದರೂ ಬರಹವಿದೆ. 1979ರಲ್ಲಿ ವಿಯೆಟ್ನಾಂ ಗಡಿ ದಾಟಿದ ಹಳ್ಳಿಯ ಸಿಪಾಯಿಗಳ ಬಗ್ಗೆ, ಲೊಪ್ ನೂರಿನ ಪರಮಾಣು ಪರೀಕ್ಷೆಗಳಲ್ಲಿ ದುಡಿದವರ ಬಗ್ಗೆ ತೀರಾ ಕಡಿಮೆ. ಇವರಿಗೆ ಸಣ್ಣದೊಂದು ಮಾಸಿಕ ಭತ್ಯೆ ಸಿಕ್ಕಿದ್ದೇ 2007ರಲ್ಲಿ. ಮಹಿಳಾ ಸೈನಿಕರ ಬಗ್ಗೆಯಂತೂ ಹೇಳುವುದೇ ಬೇಡ.

ಎಲ್ಲಕ್ಕಿಂತ ದೊಡ್ಡ ಕೊರತೆ ಹಣದ ಲೆಕ್ಕದ್ದು. ಸೌಲಭ್ಯಗಳನ್ನು ಘೋಷಿಸುವುದು ಬೀಜಿಂಗ್; ವೆಚ್ಚದ ಬಹುಪಾಲು ಹೊರಬೇಕಾದದ್ದು ನಮ್ಮ ತಾಲ್ಲೂಕಿನಂಥ ಕೌಂಟಿಗಳು, ಅದೂ ಸಾಲದಲ್ಲಿ ಮುಳುಗಿರುವಾಗ. ಹೊಸ ಕಾನೂನಿನಲ್ಲಿ ಮತ್ತೊಂದು ಕಲಮೂ ಇದೆ: ಕಾನೂನು ಮುರಿದ ಮಾಜಿ ಸೈನಿಕನ ಸವಲತ್ತನ್ನು ತಡೆಹಿಡಿಯಬಹುದು, ಕಡಿಮೆ ಮಾಡಬಹುದು, ರದ್ದೂ ಮಾಡಬಹುದು. ಪಿಂಚಣಿ ಕೇಳಲು ರಸ್ತೆಯಲ್ಲಿ ನಿಂತದ್ದನ್ನೇ ಅಪರಾಧವೆಂದು ಬಗೆದರೆ, ಕೇಳಿದ ತಪ್ಪಿಗೆ ಇದ್ದದ್ದೂ ಹೋಗುತ್ತದೆ. ಯಾವ ಪ್ರಾಂತ್ಯದಲ್ಲಿ ಈ ಕಲಮನ್ನು ಯಾರ ಮೇಲೆ ಬಳಸಲಾಗಿದೆ, ಯಾವ ಕೌಂಟಿ ತನ್ನ ಪಾಲಿನ ಹಣ ಕೊಟ್ಟಿದೆ ಎಂಬ ಪ್ರಶ್ನೆಗಳನ್ನು ಹಿಡಿದು, ದೆಹಲಿಯಿಂದಾಗಲಿ ಬೆಂಗಳೂರಿನಿಂದಾಗಲಿ, ಚೀನೀ ಭಾಷೆ ಕಲಿತ ಹೊಸ ಸಂಶೋಧಕರು ಕೆಲಸ ಶುರು ಮಾಡಬೇಕಾಗಿದೆ.