ದನದ ಹಾದಿ, ದೇಶದ ಹಾದಿ

ಅರಸರ ದಂಡಯಾತ್ರೆಗಳಿಗೆ ಚರಿತ್ರಕಾರರುಂಟು; ಆ ದಂಡು ತುಳಿದ ಹಾದಿಗೆ ಚರಿತ್ರೆ ಬರೆಯುವವರು ವಿರಳ. ಹಾದಿಯೆಂಬುದು ಯಾರೊಬ್ಬರ ಕೃತಿಯೂ ಅಲ್ಲದಿರುವುದೇ ಇದಕ್ಕೆ ಕಾರಣವಿರಬಹುದು. ಆಸ್ಟ್ರೇಲಿಯದ ‘ಬೈಸೆಂಟೆನಿಯಲ್ ನ್ಯಾಷನಲ್ ಟ್ರೈಲ್’, ಅಂದರೆ ದ್ವಿಶತಮಾನೋತ್ಸವದ ರಾಷ್ಟ್ರೀಯ ಹಾದಿ, ಇಂತಹ ಹೆಸರಿಲ್ಲದ ಹಾದಿಗಳನ್ನು ಪೋಣಿಸಿ ಮಾಡಿದ್ದು. ಉತ್ತರದಲ್ಲಿ ಕ್ವೀನ್ಸ್‌ಲೆಂಡಿನ ಕುಕ್‌ಟೌನ್, ದಕ್ಷಿಣದಲ್ಲಿ ಮೆಲ್ಬೋರ್ನ್ ಸಮೀಪದ ಹೀಲ್ಸ್‌ವಿಲ್; ನಡುವಿನ ದೂರ 5,330 ಕಿಲೋಮೀಟರು. ನಮ್ಮ ಕನ್ಯಾಕುಮಾರಿಯಿಂದ ಶ್ರೀನಗರದವರೆಗಿನ ರಸ್ತೆಯ ದೂರಕ್ಕಿಂತಲೂ ಇದು ಬಹಳ ಹೆಚ್ಚು. ನಡೆಯುವವರು, ಕುದುರೆ ಸವಾರರು, ಸೈಕಲ್ಲಿನವರು ಮೂವರಿಗೂ ಇದು ತೆರೆದಿದೆ. ಮೋಟಾರು ವಿಹಾರಕ್ಕೆಂದು ಮಾಡಿದ್ದಲ್ಲ.

ಈ ಹಾದಿ ‘ಗ್ರೇಟ್ ಡಿವೈಡಿಂಗ್ ರೇಂಜ್’ ಎಂಬ ಪರ್ವತಶ್ರೇಣಿಯ ಮಗ್ಗುಲಲ್ಲಿಯೂ ನೆತ್ತಿಯ ಮೇಲೂ ಸಾಗುತ್ತದೆ. ಇಲ್ಲಿ ಮೊದಲು ನಡೆದವರು ಆ ನೆಲದ ಮೂಲನಿವಾಸಿಗಳು. ನೀರೆಲ್ಲಿ, ಕಣಿವೆಯೆಲ್ಲಿ ಎಂಬುದನ್ನು ಬಲ್ಲವರು ಅವರೇ. ಬಿಳಿಯರು ಮಂದೆಗಳನ್ನು ಹೊಡೆದುಕೊಂಡು ಬಂದಾಗ ಅನೇಕ ಕಡೆ ಅವರ ಕಾಲುಹಾದಿಯನ್ನೇ ಹಿಡಿದರು. ಅದೇ ಹಾದಿಯ ನೀರಿನಿಂದ ಅವರನ್ನೇ ಓಡಿಸಿದರು. 1873ರಲ್ಲಿ ಪಾಮರ್ ನದಿಯ ಬಳಿ ಚಿನ್ನ ಸಿಕ್ಕಿ, ಕುಕ್‌ಟೌನ್ ಬಂದರಿನಲ್ಲಿ ಜನ ಇಳಿದು ಒಳನಾಡಿಗೆ ನುಗ್ಗಿದಾಗ ಮೂಲನಿವಾಸಿಗಳ ಮೇಲೆ ಗುಂಡು ಹಾರಿತು. ಹಾದಿಯ ಚರಿತ್ರೆ ಹೇಳುವವರು ಈ ಅಧ್ಯಾಯವನ್ನು ದಾಟಿ ಹೋಗುವಂತಿಲ್ಲ.

ಮುಂದೆ ಇವು ದನಗಾಹಿಗಳ ಹಾದಿಗಳಾದುವು. ಇವರನ್ನು ಅಲ್ಲಿ ‘ಡ್ರೋವರ್’ ಎನ್ನುತ್ತಾರೆ. ದನ, ಕುರಿಗಳ ದೊಡ್ಡ ದೊಡ್ಡ ಮಂದೆಗಳನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಪೇಟೆಗೆ ಮುಟ್ಟಿಸುವುದು ಅವರ ಕಸುಬು. ಇದಕ್ಕಾಗಿ ಸರ್ಕಾರ ಅಗಲವಾದ ಹುಲ್ಲಿನ ಪಟ್ಟಿಗಳನ್ನು ಮೀಸಲಿಟ್ಟು, ಅಲ್ಲಲ್ಲಿ ನೀರಿನ ತಾಣಗಳನ್ನು ಏರ್ಪಡಿಸಿತು. ಮಂದೆ ಒಂದೆಡೆ ನಿಂತು ಹುಲ್ಲನ್ನೆಲ್ಲ ಮೇದುಬಿಡದಂತೆ, ದಿನಕ್ಕೆ ಇಷ್ಟು ದೂರ ನಡೆಯಲೇಬೇಕೆಂಬ ಕಟ್ಟಳೆಯೂ ಇತ್ತು. ಹಿಂದೆ ಬರುವ ಮಂದೆಗೂ ಮೇವು ಉಳಿಯಬೇಕಲ್ಲವೆ?

ಮಂದೆಯ ಜೊತೆಗೆ ಸಾರೋಟೂ ಬಂತು. 1851ರ ಚಿನ್ನದ ಹುಚ್ಚಿನ ಬೆನ್ನಲ್ಲೇ ಹುಟ್ಟಿದ ‘ಕಾಬ್ ಅಂಡ್ ಕೋ’ ಕಂಪನಿ ಟಪಾಲನ್ನೂ ಪ್ರಯಾಣಿಕರನ್ನೂ ಕುದುರೆ ಗಾಡಿಗಳಲ್ಲಿ ಒಯ್ದಿತು. ದಾರಿಯ ಠಾಣ್ಯಗಳಲ್ಲಿ ದಣಿದ ಕುದುರೆಗಳನ್ನು ಬಿಚ್ಚಿ ಹೊಸವನ್ನು ಕಟ್ಟುವ ಏರ್ಪಾಡಿತ್ತು. ನ್ಯೂ ಸೌತ್ ವೇಲ್ಸ್ ನಾಡಿನಿಂದ ಹೆಸರು ಪಡೆದ ‘ವೇಲರ್’ ಕುದುರೆಗಳು ಹಡಗೇರಿ ಭಾರತದ ಸೇನೆಗೂ ಬರುತ್ತಿದ್ದುವು. ರೈಲು ಬಂತು, ಮೋಟಾರು ಬಂತು. ಕಾಬ್ ಕಂಪನಿಯ ಕಡೆಯ ಗಾಡಿ 1924ರಲ್ಲಿ ಕ್ವೀನ್ಸ್‌ಲೆಂಡಿನಲ್ಲಿ ಓಡಿ ನಿಂತಿತು. ದನಗಳೂ ಲಾರಿ ಏರಿದ ಮೇಲೆ ಹಳೆಯ ಹಾದಿಗಳಲ್ಲಿ ಹುಲ್ಲು ಬೆಳೆಯತೊಡಗಿತು.

ಇವೆಲ್ಲ ಮರೆತುಹೋಗುವ ಮುನ್ನ ಒಂದು ಸೂತ್ರದಲ್ಲಿ ಕಟ್ಟಬೇಕೆಂದು ಹೊರಟವರು ಕುದುರೆ ಸವಾರರ ಒಂದು ಸಂಘದವರು. ಅವರಲ್ಲಿ ಪ್ರಮುಖರು ಆರ್. ಎಂ. ವಿಲಿಯಮ್ಸ್, ದನಗಾಹಿಗಳ ಬೂಟು, ಜೀನು ಮಾಡಿ ಪ್ರಸಿದ್ಧರಾದವರು. ಆದರೆ ಭೂಪಟದ ಮೇಲೆ ಎಳೆದ ಗೆರೆ ನಡೆಯಲು ಬಂದೀತೆಂಬ ಭರವಸೆಯೇನು? ಡಾನ್ ಸೀಮೂರ್ ಎಂಬಾತ 1972ರಲ್ಲಿ ಎರಡು ಕುದುರೆ, ಒಂದು ನಾಯಿಯೊಡನೆ ವಿಕ್ಟೋರಿಯದಿಂದ ಹೊರಟು, 21 ತಿಂಗಳು ಹಾದಿ ಹುಡುಕುತ್ತ ಕುಕ್‌ಟೌನ್ ಮುಟ್ಟಿದ. ಆಮೇಲೆ ವರ್ಷಗಟ್ಟಲೆ ಸ್ವಯಂಸೇವಕರು ದುಡಿದರು. ಬಿಳಿಯರ ವಸಾಹತಿಗೆ 200 ವರ್ಷ ತುಂಬಿದ 1988ರಲ್ಲಿ ಹಾದಿ ತೆರೆಯಿತು. ಅದನ್ನು 12 ಭಾಗಗಳಾಗಿ ವಿಂಗಡಿಸಿ, ಭಾಗಕ್ಕೊಂದು ಕೈಪಿಡಿ ಬರೆದರು.

ಈಗ ಈ ಹಾದಿ ಹಿಡಿಯಬೇಕೆನ್ನುವವನ ಮೊದಲ ಲೆಕ್ಕಾಚಾರ ಋತುವಿನದು. ಉತ್ತರದಲ್ಲಿ ವರ್ಷದ ಆರಂಭದ ತಿಂಗಳುಗಳು ಜಡಿಮಳೆಯವು. ಹೊಳೆಗಳು ದಾಟಲು ಬಿಡವು. ದಕ್ಷಿಣದ ಕೊಸ್ಸಿಯುಸ್ಕೊ ಸೀಮೆಯಲ್ಲಿ ಜೂನಿನಿಂದ ಹಿಮ. ಎರಡನ್ನೂ ತಪ್ಪಿಸಿ ಇಡೀ ಹಾದಿ ಮುಗಿಸುವುದು ಸುಲಭವಲ್ಲವಾದ್ದರಿಂದ ಹಲವರು ಒಂದೊಂದು ಭಾಗವನ್ನಷ್ಟೇ ನಡೆಯುತ್ತಾರೆ. ಕುದುರೆಯಿದ್ದರೆ ಚಿಂತೆ ಇಮ್ಮಡಿ. ಮೇವು, ನೀರು, ಕೆಲವು ವಾರಗಳಿಗೊಮ್ಮೆ ಹೊಸ ಲಾಳ, ಇವನ್ನೆಲ್ಲ ಮುಂಚೆಯೇ ಗೊತ್ತುಮಾಡಬೇಕು. ಕ್ವೀನ್ಸ್‌ಲೆಂಡಿನ ಉಣ್ಣೆಯ ಸೀಮೆಯನ್ನು ದಾಟಿಸುವಾಗ ತಪಾಸಣೆಯುಂಟು. 1994ರಲ್ಲಿ ಬ್ರಿಸ್ಬೇನಿನಲ್ಲಿ ಗುರುತಿಸಲಾದ, ಕುದುರೆಯನ್ನೂ ಮನುಷ್ಯನನ್ನೂ ಕೊಲ್ಲಬಲ್ಲ ‘ಹೆಂಡ್ರ’ ರೋಗದ ಭಯವೂ ಉಂಟು. ನಾಯಿಯನ್ನಂತೂ ಕರೆದೊಯ್ಯುವಂತಿಲ್ಲ, ಸೀಮೂರನ ಸಂಗಾತಿಗೆ ಇಂದಾಗಿದ್ದರೆ ಅಪ್ಪಣೆ ಸಿಗುತ್ತಿರಲಿಲ್ಲ!

ಎಲ್ಲಕ್ಕಿಂತ ಮಿಗಿಲಾದ ಚಿಂತೆ ಹಾದಿಯ ಉಳಿವಿನದು. ಈ ನೆಲಕ್ಕೆ ಒಬ್ಬ ಒಡೆಯನಿಲ್ಲ. ಒಂದಿಷ್ಟು ಅರಣ್ಯ, ಒಂದಿಷ್ಟು ರಾಷ್ಟ್ರೀಯೋದ್ಯಾನ, ಒಂದಿಷ್ಟು ಹಳೆಯ ದನದ ಪಟ್ಟಿ, ಒಂದಿಷ್ಟು ಖಾಸಗಿ ಜಮೀನು. ಎಲ್ಲಾದರೂ ಒಂದು ಗೇಟಿಗೆ ಬೀಗ ಬಿದ್ದರೆ ಹಾದಿ ತುಂಡಾಗುತ್ತದೆ, ಬಳಸುದಾರಿ ಹುಡುಕಬೇಕು. 2019–20ರ ಕಾಳ್ಗಿಚ್ಚಿನಲ್ಲಿ ಪೂರ್ವತೀರದ ಕಾಡುಗಳು ಉರಿದಾಗ ಹಲವೆಡೆ ಸಂಚಾರವೇ ನಿಂತಿತು. ದನಗಳ ಓಡಾಟ ಕಡಿಮೆಯಾದಂತೆ ಆ ಹುಲ್ಲಿನ ಪಟ್ಟಿಗಳಾದರೂ ಏಕೆ ಬೇಕೆಂಬ ಪ್ರಶ್ನೆ ಏಳುತ್ತದೆ. ಬರಗಾಲ ಬಂದಾಗ ಮಾತ್ರ ರೈತರಿಗೆ ಅವುಗಳ ನೆನಪು. ಸುತ್ತ ಹೊಲಗಳಾದ ಸೀಮೆಯಲ್ಲಿ ಹಳೆಯ ಮರಗಳು, ಹಕ್ಕಿಗಳು ಉಳಿದಿರುವುದೂ ಅಲ್ಲಿಯೇ.

ನಮ್ಮಲ್ಲಿಯೂ ಗೋಮಾಳ, ಬಂಡಿಜಾಡುಗಳ ಕಥೆ ಇದಕ್ಕಿಂತ ದೂರದ್ದಲ್ಲ. ದಾಖಲೆಯಲ್ಲಿ ಎಲ್ಲರದೆಂದಿದ್ದರೂ ತುಳಿಯುವವರಿಲ್ಲದಿದ್ದರೆ ಅದು ಕ್ರಮೇಣ ಯಾರದೋ ಬೇಲಿಯೊಳಗೆ ಸೇರುತ್ತದೆ. ಆದುದರಿಂದ ಆ ಸ್ವಯಂಸೇವಕರು ವರ್ಷವರ್ಷವೂ ಗುರುತಿನ ಫಲಕಗಳನ್ನು ನೋಡಿ ಬರುತ್ತಾರೆ. ಜಮೀನಿನವರೊಡನೆ ಮಾತಾಡಿ ಅಪ್ಪಣೆ ಕೇಳುತ್ತಾರೆ. ಬದಲಾದ ಮಾರ್ಗವನ್ನು ಕೈಪಿಡಿಯಲ್ಲಿ ತಿದ್ದುತ್ತಾರೆ. 1988ರಲ್ಲಿ ತೆರೆದ ಹಾದಿ ಇಂದಿಗೂ ತೆರೆದಿರುವುದು ಈ ದುಡಿಮೆಯಿಂದ.